ಊರಲ್ಲಿ ಜನವೇ ಕಮ್ಮಿ ಆಗ್ತಿದ್ದಾರೆ, ಮತ್ತೆ ಮಂಗಳೂರಲ್ಲಿ ಫ್ಲಾಟ್ ರೇಟ್ ಯಾಕೆ ಇಳಿಯುವುದಿಲ್ಲ?

ಕಾವೂರುಬಾಡಿಗೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಪೋಸ್ಟ್, ಪುರ್ಸೊತ್ತು ಇದ್ದವರು ಓದಿ.

ನಾನು ಮತ್ತು ನನ್ನ ಹೆಂಡ್ತಿ ಇಬ್ರೂ ಮಂಗಳೂರಲ್ಲೇ ಕೆಲಸ. ನಂದು ಒಂದು ಡೀಲರ್ ಹತ್ರ ಅಕೌಂಟ್ಸ್, ಅವಳದ್ದು ಆಸ್ಪತ್ರೆ ಲ್ಯಾಬ್. ಇಬ್ಬರದ್ದು ಸೇರಿ ಕೈಗೆ 58 ಸಾವಿರ ಬರ್ತದೆ, ಮಗಳು ಎಲ್‌ಕೆಜಿ. ಕಾವೂರಲ್ಲಿ ಬಾಡಿಗೆಗೆ ಇದ್ದೇವೆ, 13 ಸಾವಿರ, ಮೇಂಟೆನೆನ್ಸ್ ಬೇರೆ, ಈಗ ಅಗ್ರಿಮೆಂಟ್ ರಿನ್ಯೂ ಮಾಡುವಾಗ ಓನರ್ 16 ಕೇಳ್ತಿದ್ದಾರೆ. ಹಾಗಾದ್ರೆ ಸ್ವಂತದ್ದೇ ಒಂದು ನೋಡುವ ಅಂತ ಹೊರಟ್ರೆ ದೇರೆಬೈಲು, ಕುಂಟಿಕಾನ, ಬೋಂದೆಲ್ ಎಲ್ಲಿ ಕೇಳಿದ್ರೂ 2 ಬಿಎಚ್‌ಕೆ 55 ಲಕ್ಷದಿಂದ ಮೇಲೆ. ನಮ್ಮ ಬಜೆಟ್ ಎಷ್ಟು ಎಳೆದ್ರೂ 35. 40 ಲಕ್ಷ ಲೋನ್ ಮಾಡಿದ್ರೆ 8.5 ಪರ್ಸೆಂಟಿಗೆ 20 ವರ್ಷಕ್ಕೆ ತಿಂಗಳಿಗೆ 34,700 ಕಟ್ಬೇಕು, ಉಳಿದ 23 ಸಾವಿರದಲ್ಲಿ ಸ್ಕೂಲ್ ಫೀಸು, ಅಪ್ಪನ ಮದ್ದು, ಪೆಟ್ರೋಲು ಎಲ್ಲ ಹೇಗೆ ಆಗ್ತದೆ ಹೇಳಿ.

ನನ್ನ ಪ್ರಶ್ನೆ ಎರಡು. ಮೊದಲನೆಯದ್ದು ತಲೆ ತಿನ್ನುವ ಪ್ರಶ್ನೆ. ನಮ್ಮದು ಮೂಡುಬಿದಿರೆ ಹತ್ರ ಊರು, ಅಲ್ಲಿ ನಾನು ಕಲಿತ ಶಾಲೆಯಲ್ಲಿ ಈಗ ಮಕ್ಕಳೇ ಇಲ್ಲ. ನನ್ನ ಕ್ಲಾಸಿನವರಲ್ಲಿ ಅರ್ಧಕ್ಕರ್ಧ ಜನ ಬೆಂಗಳೂರು, ಉಳಿದವರು ದುಬೈ ಮಸ್ಕತ್. 2011ರ ಜನಗಣತಿ ತೆಗೆದು ನೋಡಿದೆ, ಹತ್ತು ವರ್ಷದಲ್ಲಿ ಕರ್ನಾಟಕ ಬೆಳೆದದ್ದು 15.6 ಪರ್ಸೆಂಟ್, ದಕ್ಷಿಣ ಕನ್ನಡ ಸುಮಾರು 10, ಉಡುಪಿ ಜಿಲ್ಲೆ 6 ಕೂಡ ಇಲ್ಲ. ಅದರ ಮೇಲೆ ನಮ್ಮ ರಾಜ್ಯದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳು 1.7 ಅಂತ 2019-20ರ ಕುಟುಂಬ ಆರೋಗ್ಯ ಸರ್ವೆಯಲ್ಲಿ ಬಂದಿದೆ, ಅಂದ್ರೆ ಮುಂದೆ ಇನ್ನೂ ಕಮ್ಮಿಯೇ ಆಗುವುದು. ಜನ ಇಲ್ಲ ಅಂದ್ಮೇಲೆ ಮನೆ ಯಾರಿಗೆ ಬೇಕು? ನಾವಿರುವ ಬಿಲ್ಡಿಂಗಲ್ಲೇ ರಾತ್ರಿ ಕೆಳಗೆ ನಿಂತು ನೋಡಿದ್ರೆ ಸುಮಾರು ಅರ್ಧ ಕಿಟಕಿಗಳಲ್ಲಿ ಲೈಟ್ ಇಲ್ಲ. ಆದ್ರೂ ಎದುರು ಇನ್ನೊಂದು ಹದಿನಾಲ್ಕು ಮಾಳಿಗೆಯದ್ದು ಏಳ್ತಾ ಉಂಟು.

ಎರಡನೆಯದ್ದು ಹೊಟ್ಟೆ ಪ್ರಶ್ನೆ. 35ರ ಒಳಗೆ ಎಲ್ಲಿ ನೋಡ್ಬಹುದು, ಎಂತ ಸ್ಕೀಮ್ ಉಂಟು? ಬ್ರೋಕರ್‌ಗಳು ದಯವಿಟ್ಟು ಇನ್‌ಬಾಕ್ಸ್‌ಗೆ ಬರ್ಬೇಡಿ.

ಕಲ್ಲುಮಣ್ಣು:

ಬ್ರೋಕರ್ ಅಲ್ಲ, ಸೈಟ್ ಇಂಜಿನಿಯರ್. ಹಾಗೆ ಬರೀಬಹುದು ಅಂದ್ಕೊಳ್ತೇನೆ :)

ನೀವು ತಲೆ ಲೆಕ್ಕ ಹಾಕ್ತಿದ್ದೀರಿ, ಮನೆಗೆ ಬೇಕಾದ್ದು ಒಲೆ ಲೆಕ್ಕ. ನಮ್ಮ ಅಜ್ಜಿ ಮನೆಯಲ್ಲಿ ಒಂದು ಅಡುಗೆಕೋಣೆಗೆ ಹದಿನೆಂಟು ಜನ ಇದ್ರು. ಅದೇ ಕುಟುಂಬ ಇವತ್ತು ಸುರತ್ಕಲ್‌ನಲ್ಲಿ ಒಂದು, ಬಿಜೈಯಲ್ಲಿ ಎರಡು, ಬೆಂಗಳೂರಲ್ಲಿ ಮೂರು, ಊರಲ್ಲಿ ದೊಡ್ಡಮ್ಮ ಒಬ್ಬರೇ ಒಂದು. ಒಟ್ಟು ಜನ ಹೆಚ್ಚಾಗ್ಲಿಲ್ಲ ಮಾರ್ರೆ, ಬಾಗಿಲು ಹೆಚ್ಚಾಯ್ತು. ಜನಸಂಖ್ಯೆ ನಿಂತಲ್ಲೇ ನಿಂತ್ರೂ ಒಂದೊಂದು ಮನೆಯಲ್ಲಿ ಇರುವವರು ಐದಿದ್ದದ್ದು ಮೂರಕ್ಕೆ ಇಳಿದ್ರೆ ಮನೆ ಮೂರನೇ ಎರಡು ಪಾಲು ಹೆಚ್ಚು ಬೇಕಾಗ್ತದೆ. ಮಕ್ಕಳು ಕಮ್ಮಿ ಆದ್ರೆ ಮನೆ ಅಗ್ಗ ಆಗ್ತದೆ ಅಂತ ಕಾಯುವವರು ಇನ್ನೊಂದು ತಲೆಮಾರು ಕಾಯ್ಬೇಕು.

ಈಗ ಆ ಲೈಟ್ ಇಲ್ಲದ ಕಿಟಕಿಗಳ ವಿಷಯ. ಬೆಂದೂರು, ಕದ್ರಿ, ಬಿಜೈ ಕಡೆ ಹಳೇ ಹಂಚಿನ ಬಂಗ್ಲೆಗಳು ಇದ್ವಲ್ಲ, 20 ಸೆಂಟ್ಸ್ 30 ಸೆಂಟ್ಸ್ ಕಂಪೌಂಡು, ಬಾವಿ, ಹಲಸಿನ ಮರ ಎಲ್ಲ ಇದ್ದದ್ದು. ಅದನ್ನು ಯಾರೂ ಕ್ಯಾಶ್ ಕೊಟ್ಟು ತಗೊಳ್ಳುವುದಿಲ್ಲ, ಜೆಡಿ ಮಾಡ್ತಾರೆ. ಅಂದ್ರೆ ಜಾಗದವರಿಗೆ ಇಷ್ಟು ಪಾಲು ಫ್ಲಾಟು, ಬಿಲ್ಡರಿಗೆ ಉಳಿದದ್ದು. ಜಾಗದವರಿಗೆ ಐದೋ ಆರೋ ಫ್ಲಾಟ್ ಬರ್ತದೆ, ಇರುವುದು ಗಂಡ ಹೆಂಡ್ತಿ ಇಬ್ರು, ಮಕ್ಕಳು ಟೊರೊಂಟೊ ಮತ್ತೆ ದೋಹಾ. ಒಂದರಲ್ಲಿ ಅವರು ಇರ್ತಾರೆ, ಉಳಿದದ್ದಕ್ಕೆ ಬೀಗ. ಮಾರ್ಲಿಕ್ಕೆ ಅವರಿಗೆ ಎಂತ ಅರ್ಜೆಂಟ್? ಕೊಂಡದ್ದಲ್ಲ, ಬಂದದ್ದು. ಹಾಗಾಗಿ ರೇಟ್ ಇಳಿಸುವ ಪ್ರಶ್ನೆಯೇ ಬರುವುದಿಲ್ಲ.

ಬಿಲ್ಡರಿನ ಕಡೆ ನೋಡಿ. ಜಾಗಕ್ಕೆ ಅಷ್ಟು ಪಾಲು ಬಿಟ್ಟುಕೊಟ್ಟ ಮೇಲೆ ಅವನಿಗೆ ಸಣ್ಣ ಫ್ಲಾಟ್ ಕಟ್ಟಿದ್ರೆ ಗಿಟ್ಟುವುದಿಲ್ಲ. 600 ಅಡಿಯ ಮನೆಗೂ ಒಂದು ಕಾರ್ ಪಾರ್ಕಿಂಗ್, ಲಿಫ್ಟ್, ಸಂಪು, ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಎಲ್ಲ ಬೇಕು, 1,400 ಅಡಿಗೂ ಹೆಚ್ಚುಕಮ್ಮಿ ಅದೇ. ಮತ್ತೆ ಗಲ್ಫಿನವರು ಬಂದು ಕೇಳುವುದು 3 ಬಿಎಚ್‌ಕೆ, ಸಮುದ್ರ ಕಾಣ್ಬೇಕು, ಜಿಮ್ ಬೇಕು. ಹಾಗೆ ಬ್ರೋಷರಿನಲ್ಲಿ ಸ್ವಿಮ್ಮಿಂಗ್ ಪೂಲ್ ಬರ್ತದೆ, ನಿಮ್ಮಂಥವರು ಬರುವುದಿಲ್ಲ.

ಸಾಮಾನಿನ ರೇಟ್ ಬೇರೆ. 2025ರ ಮಳೆಗಾಲದಲ್ಲಿ ನೆನಪುಂಟಲ್ಲ, ಪರ್ಮಿಟ್ ಇಲ್ಲದ ಕೆಂಪುಕಲ್ಲು ಕೋರೆಗಳನ್ನೆಲ್ಲ ನಿಲ್ಲಿಸಿದ್ರು, ಹೊಯಿಗೆಯೂ (ಮರಳು) ಸಿಗ್ಲಿಲ್ಲ, ಮೇಸ್ತ್ರಿಗಳು ಹೆಲ್ಪರ್‌ಗಳು ಕೆಲಸ ಇಲ್ಲದೆ ಕೂತ್ರು, ಅರ್ಧ ಕಟ್ಟಿದ ಮನೆಗಳು ಹಾಗೇ ನೆನೆದ್ವು. ನಿಲ್ಲಿಸಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ, ಗುಡ್ಡ ಅಗೆದ ಅಗೆತಕ್ಕೆ ಲೆಕ್ಕ ಇರ್ಲಿಲ್ಲ. ಆದ್ರೆ ಆಗ ಏರಿದ ರೇಟಿನ ಬಿಸಿ ತಟ್ಟಿದ್ದು 5 ಸೆಂಟ್ಸಲ್ಲಿ ತನ್ನ ಮನೆ ತಾನೇ ಕಟ್ಟಿಸ್ತಿದ್ದವನಿಗೆ. ಟವರ್ ಕಟ್ಟುವವರು ಸಿಮೆಂಟ್ ಬ್ಲಾಕಿಗೆ ಹೋದ್ರು, ಮುಗೀತು.

ಜುಬೈಲ್‌ವಾಸಿ:

ಬೀಗ ಹಾಕಿದ ಫ್ಲಾಟಿನ ಓನರ್ ನಾನೇ, ಬೈಯ್ಯುವವರು ಸಾಲಾಗಿ ಬನ್ನಿ.

ಫಳ್ನೀರು ಕಡೆ ಒಂದು 2 ಬಿಎಚ್‌ಕೆ ಉಂಟು, ಇಲ್ಲಿ ಸೌದಿಯಲ್ಲಿ ಹೊರಗೆ 45 ಡಿಗ್ರಿಯಲ್ಲಿ ದುಡಿದು ತಗೊಂಡದ್ದು, ಯಾರ ಅಜ್ಜನ ಜಾಗವೂ ಅಲ್ಲ. ಬಾಡಿಗೆಗೆ ಯಾಕೆ ಕೊಡುವುದಿಲ್ಲ ಅಂತ ಎಲ್ಲರೂ ಕೇಳ್ತಾರೆ. ಲೆಕ್ಕ ಹೇಳ್ತೇನೆ ಕೇಳಿ. 60 ಲಕ್ಷದ ಫ್ಲಾಟಿಗೆ 16 ಸಾವಿರ ಬಾಡಿಗೆ ಅಂದ್ರೆ ವರ್ಷಕ್ಕೆ 1.92 ಲಕ್ಷ, 3.2 ಪರ್ಸೆಂಟ್. ಅದರಲ್ಲಿ ಮೇಂಟೆನೆನ್ಸ್, ಪ್ರಾಪರ್ಟಿ ಟ್ಯಾಕ್ಸ್, ಪ್ರತಿ ಸಲ ಬಿಟ್ಟು ಹೋದಾಗ ಪೇಂಟಿಂಗ್. ಓನರ್ ಎನ್‌ಆರ್‌ಐ ಆದ್ರೆ ಬಾಡಿಗೆಯವ್ರು 30 ಪರ್ಸೆಂಟ್ ಮತ್ತೆ ಸೆಸ್ ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿಯುವ ತೆರಿಗೆ) ಹಿಡಿದು ಕಟ್ಬೇಕು ಅಂತ ಕಾನೂನು ಉಂಟು, ಅದು ಯಾವ ಬಾಡಿಗೆಯವ್ರಿಗೆ ಬೇಕು ತಲೆನೋವು, ಕೇಳಿದ ಕೂಡ್ಲೆ ಓಡ್ತಾರೆ. ಇನ್ನು ನಾನು ವರ್ಷಕ್ಕೆ ಒಂದ್ಸಲ ರಜೆಗೆ ಬರುವಾಗ ಹೆಂಡ್ತಿ ಮಕ್ಕಳನ್ನು ಕರ್ಕೊಂಡು ಎಲ್ಲಿ ಇಳಿಯುವುದು? ಅಣ್ಣನ ಮನೆಯಲ್ಲಿ ನಾಲ್ಕು ದಿನ ಆಗುವಾಗಲೇ ಅತ್ತಿಗೆ ಮುಖ ನೋಡ್ಬೇಕು.

ಎಲ್ಲಕ್ಕಿಂತ ದೊಡ್ಡದು ಹೆದರಿಕೆ. ನನ್ನ ಫ್ರೆಂಡ್ ಒಬ್ಬ ಬಾಡಿಗೆಗೆ ಕೊಟ್ಟು, ಅವರು ಖಾಲಿ ಮಾಡದೆ, ಕೋರ್ಟು ಕಚೇರಿ ಅಂತ ಎಮರ್ಜೆನ್ಸಿ ಲೀವ್ ಹಾಕಿ ಹಾಕಿ ಇದ್ದ ಕೆಲಸವೂ ಡೋಲಾಯಮಾನ ಆಯ್ತು. ನಮಗೆ ಫ್ಲಾಟ್ ಅಂದ್ರೆ ಎಫ್‌ಡಿ ಇದ್ದ ಹಾಗೆ ಮಾರ್ರೆ, ಬಡ್ಡಿ ಬರದಿದ್ರೂ ಆಗ್ತದೆ, ಅಸಲು ಹೋಗ್ಬಾರ್ದು. ಇಲ್ಲಿ ಕೆಲಸ ಯಾವತ್ತು ಹೋಗ್ತದೆ ಗೊತ್ತಿಲ್ಲ, ಇಖಾಮಾ (ಇಲ್ಲಿ ಇರ್ಲಿಕ್ಕೆ ಕೊಡುವ ಪರ್ಮಿಟ್) ಮುಗಿದ್ರೆ ಗಂಟುಮೂಟೆ ಕಟ್ಟುವುದೇ. ಬಂದು ಇಳೀಲಿಕ್ಕೆ ಒಂದು ಜಾಗ ಬೇಕಲ್ಲ.

ಕಾವೂರುಬಾಡಿಗೆ:

@ಜುಬೈಲ್‌ವಾಸಿ ಅಣ್ಣ, ಬೈಯ್ಯುವುದಿಲ್ಲ, ನಿಮ್ಮ ಜಾಗದಲ್ಲಿ ಇದ್ರೆ ನಾನೂ ಅದೇ ಮಾಡ್ತಿದ್ದೆನೋ ಏನೋ. ಆದ್ರೆ ಒಂದು ಹೇಳ್ಲಿಕ್ಕೆ ಉಂಟು. ನಿಮ್ಮ ಅಪ್ಪ ಅಮ್ಮನಿಗೆ ಹುಷಾರಿಲ್ಲ ಅಂದಾಗ ಬ್ಲಡ್ ತೆಗೀಲಿಕ್ಕೆ ಮನೆಗೆ ಬರುವವಳು ನನ್ನ ಹೆಂಡ್ತಿಯಂಥವಳು. ಅವಳು ಊರ ಹೊರಗೆ ಮನೆ ಮಾಡಿ ಬೆಳಿಗ್ಗೆ ಆರಕ್ಕೆ ಬಸ್ಸಿಗೆ ನಿಲ್ಲುವುದು, ನಿಮ್ಮ ಫ್ಲಾಟು ಆಸ್ಪತ್ರೆಯಿಂದ ಹತ್ತು ನಿಮಿಷದಲ್ಲಿ ಖಾಲಿ ಬಿದ್ದಿರುವುದು. ಯಾರ ತಪ್ಪು ಅಂತ ಅಲ್ಲ, ವ್ಯವಸ್ಥೆ ಹೀಗೆ ಆಗಿಬಿಟ್ಟಿದೆ ಅಂತ.

ಪರ್ಕಳದಿಂದ:

ನಾನು ಉಡುಪಿ ಕಡೆಯವ, ರಿಟೈರ್ಡ್ ಮೇಷ್ಟ್ರು. ನಮ್ಮಲ್ಲಿ ಕತೆ ಇನ್ನೂ ವಿಚಿತ್ರ ಉಂಟು.

ಉಡುಪಿ ಜಿಲ್ಲೆಯಲ್ಲಿ 2011ರ ಗಣತಿಯಲ್ಲಿ ಸಾವಿರ ಗಂಡಸರಿಗೆ ಹೆಂಗಸರು 1,090 ದಾಟಿದ್ರು. ಪೇಪರಿನವರು ಅದನ್ನು ದೊಡ್ಡ ಹೆಮ್ಮೆ ಅಂತ ಬರೆದ್ರು. ಹೆಣ್ಣುಮಕ್ಕಳನ್ನು ಬೇಡ ಅನ್ನುವ ಊರಲ್ಲ ಎಂಬುದು ಸರಿಯೇ, ಆದರೆ ಅದರ ಒಳಗೆ ಇನ್ನೊಂದು ಉಂಟಲ್ಲ, ದುಡಿಯುವ ಪ್ರಾಯದ ಗಂಡಸರು ಮುಂಬೈಯಲ್ಲಿ, ಬೆಂಗಳೂರಿನಲ್ಲಿ, ಗಲ್ಫಿನಲ್ಲಿ. ಮುಂಬೈಗೆ ಹೋಟೆಲು ಕ್ಯಾಂಟೀನು ಅಂತ ಹೋಗುವುದು ನಮ್ಮ ಅಜ್ಜಂದಿರ ಕಾಲದಿಂದ ಇದ್ದದ್ದೇ, ಆಗ ದುಡಿದು ಕಳಿಸಿದ ಹಣದಲ್ಲಿ ಊರಲ್ಲಿ ಮನೆ ಏಳ್ತಿತ್ತು, ಪ್ರಾಯ ಆದ ಮೇಲೆ ಬಂದು ಇರ್ತಿದ್ರು. ಈಗಿನ ಮಕ್ಕಳು ಹೋದವರು ಅಲ್ಲೇ ಮನೆ ತಗೊಳ್ತಾರೆ, ಬರುವುದಿಲ್ಲ. ನಮ್ಮ ರಸ್ತೆಯಲ್ಲಿ ಮನೆಗಳ ಹೆಸರು ಒಂದಕ್ಕಿಂತ ಒಂದು ಚಂದ, ಒಳಗೆ ಇರುವವರು ಎಪ್ಪತ್ತು ದಾಟಿದ ಒಬ್ಬರೋ ಇಬ್ಬರೋ, ಹೋಂ ನರ್ಸು, ಮತ್ತೆ ಸಿಸಿಟಿವಿ. ಮಗ ಅಮೆರಿಕದಿಂದ ಮೊಬೈಲಲ್ಲಿ ಅಮ್ಮ ಜಗಲಿಯಲ್ಲಿ ಕೂತದ್ದನ್ನು ನೋಡ್ತಾನೆ.

ಅವರು ಮಾರಿದ್ರೆ ಆಗ್ತದಲ್ಲ, ಯುವಕರಿಗೆ ಮನೆ ಸಿಗ್ತದಲ್ಲ ಅಂತ ಕೇಳಬಹುದು. ಮಾರಲಿಕ್ಕೆ ಆಗುವುದಿಲ್ಲ ಮಾರಾಯ್ರೆ. ಒಂದು, ಆರ್‌ಟಿಸಿಯಲ್ಲಿ (ಪಹಣಿ) ಹನ್ನೊಂದು ಹೆಸರು, ಅದರಲ್ಲಿ ನಾಲ್ಕು ಜನ ಸತ್ತು ಹೋಗಿದ್ದಾರೆ, ಅವರ ಮಕ್ಕಳು ಎಲ್ಲಿದ್ದಾರೆ ಅಂತ ದೇವರಿಗೇ ಗೊತ್ತು. ಅಳಿಯಕಟ್ಟಿನ ಕುಟುಂಬಗಳಲ್ಲಂತೂ ಹೆಣ್ಣಿನ ಕಡೆಯ ಕವಲು ಹಿಡಿದು ಹೊರಟ್ರೆ ವಂಶವೃಕ್ಷ ಬರೀಲಿಕ್ಕೆ ಒಂದು ಹಾಳೆ ಸಾಕಾಗುವುದಿಲ್ಲ. ಎರಡು, ಮನೆಯ ಹಿಂದೆ ನಾಗಬನ, ಚಾವಡಿಯ ಪಕ್ಕ ದೈವದ ಕೋಣೆ. ವರ್ಷಕ್ಕೆ ಒಂದು ತಂಬಿಲ (ನಾಗ, ದೈವಕ್ಕೆ ಮಾಡುವ ಪೂಜೆ) ಆಗಲೇಬೇಕು, ಆ ಒಂದು ದಿನ ಮುಂಬೈಯಿಂದ ಎಲ್ಲರೂ ಬರ್ತಾರೆ, ಊಟ ಮಾಡ್ತಾರೆ, ಸಂಜೆ ಬೀಗ ಹಾಕಿ ಹೋಗ್ತಾರೆ. ಅದನ್ನು ಮಾರುವ ಮಾತು ತೆಗೆದವನಿಗೆ ಮುಂದೆ ಕುಟುಂಬದಲ್ಲಿ ಎಂತ ತೊಂದ್ರೆ ಬಂದರೂ ಅವನ ತಲೆಗೇ. ನಾನು ನಂಬುತ್ತೇನೋ ಬಿಡುತ್ತೇನೋ ಬೇರೆ ವಿಷಯ, ನಾನೂ ಆ ಮಾತು ತೆಗೆಯಲಿಕ್ಕೆ ಹೋಗುವುದಿಲ್ಲ.

ಹೀಗೆ ಇರುವ ಜಾಗವೆಲ್ಲ ಸಿಕ್ಕಿಹಾಕಿಕೊಂಡು, ಮಾರಾಟಕ್ಕೆ ಬರುವ ಸ್ವಲ್ಪ ಜಾಗದ ಮೇಲೆ ಎಲ್ಲರೂ ಬೀಳ್ತಾರೆ. ಅಂಬಾಗಿಲು, ಪೆರಂಪಳ್ಳಿ, ಸಂತೆಕಟ್ಟೆ ಕಡೆ ಈಗ ರೇಟ್ ಕೇಳಿ ನೋಡಿ, ತಲೆ ತಿರುಗ್ತದೆ. ಮಣಿಪಾಲದ ಸುತ್ತ ಅಂತೂ ಫ್ಯಾಮಿಲಿಗೆ ಮನೆ ಕೊಡುವುದೇ ಕಮ್ಮಿ. ಎರಡು ರೂಮಿನಲ್ಲಿ ಕಾಲೇಜಿನ ನಾಲ್ಕು ಹುಡುಗರನ್ನು ಹಾಕಿ ತಲೆಗೆ ಇಷ್ಟು ಅಂತ ವಸೂಲು ಮಾಡಿದ್ರೆ ಫ್ಯಾಮಿಲಿ ಕೊಡುವುದಕ್ಕಿಂತ ಎಷ್ಟೋ ಹೆಚ್ಚು. ನಿಮ್ಮ ದೇರಳಕಟ್ಟೆಯಲ್ಲೂ ಅದೇ ಅಲ್ವಾ?

ಮಲಪ್ರಭಾ:

ಎಲ್ಲಾರೂ ಓನರ್ ಆಗೂ ಮಾತ ಆಡಾಕತ್ತೀರಿ. ನಾ ಬಾಗಲಕೋಟಿ ಕಡೆಯಾಂವ, ಬೈಕಂಪಾಡಿ ಇಂಡಸ್ಟ್ರಿಯಲ್ ಏರಿಯಾದಾಗ ಫ್ಯಾಬ್ರಿಕೇಶನ್ ಕೆಲಸ. ಜನ ಕಮ್ಮಿ ಆಗ್ಯಾರ ಅಂತೀರಲ್ಲ, ನಮ್ಮನ್ನ ಯಾರ ಎಣಿಸ್ಯಾರ್ರಿ?

ನೀವು ಹೋದ ಜಾಗಕ್ಕ ನಾವು ಬಂದೀವಿ. ಸೆಂಟ್ರಿಂಗ್ ಮಾಡಾವ್ರು, ಗಾರೆ ಮಾಡಾವ್ರು ನಮ್ಮ ಕೊಪ್ಪಳ ಗದಗ ಹಾವೇರಿ ಮಂದಿ, ಟೈಲ್ಸ್ ಹಾಕಾವ್ರು ಉತ್ತರ ಭಾರತದ ಕಡೆಯವ್ರು, ಹೋಟೆಲ್‌ದಾಗ ಅಸ್ಸಾಮಿನವ್ರು, ಮಲ್ಪೆ ಬೋಟಿನಾಗ ಆಂಧ್ರ ಒಡಿಶಾದವ್ರು. ಮೇಲಿನ ಸರ್ ಹೇಳಿದ ಹದಿನಾಲ್ಕು ಮಾಳಿಗಿ ಕಟ್ಟಿದವ್ರು ಶೀಟಿನ ಶೆಡ್ಡಿನಾಗ ಮಲಗ್ತಾರ. ನಿಮ್ಮ ಮಳಿ ಹೆಂಗ ಇರ್ತೈತಿ ನಿಮಗ ಗೊತ್ತೈತಿ, ಜೂನ್ ಜುಲೈ ಆ ಶೀಟಿನ ಕೆಳಗ ಒಂದು ರಾತ್ರಿ ಮಲಗಿ ನೋಡ್ರಿ.

ನಾ ಈಗ ಹೆಂಡತಿ ಎರಡು ಮಕ್ಕಳು ಕರ್ಕೊಂಡು ಬಂದೀನಿ, ಮಕ್ಕಳು ಇಲ್ಲೇ ಕನ್ನಡ ಸಾಲಿಗೆ ಹೋಗ್ತಾವ, ಆ ಕ್ಲಾಸಿನಾಗ ಅರ್ಧಕ್ಕರ್ಧ ನಮ್ಮ ಕಡೆ ಹುಡುಗುರ ಅದಾವ. ನಿಮ್ಮ ಸಾಲಿ ಮುಚ್ಚಬಾರ್ದು ಅಂದ್ರ ನಮಗ ಮನಿ ಕೊಡ್ರಿ ಅಷ್ಟ. ಬಾಡಗಿ ಮನಿ ಕೇಳಾಕ ಹೋದ್ರ ರೊಕ್ಕದ ಮಾತಿಗಿಂತ ಮೊದ್ಲ "ಯಾವ ಜನ?" ಅಂತ ಕೇಳ್ತಾರ. ಹೇಳಿದ ಮ್ಯಾಲೆ "ಮಗಳು ಬರ್ತಾಳಂತೆ, ಕೊಡುವುದಿಲ್ಲ" ಅಂತಾರ. ಆ ಮಗಳು ಇನ್ನೂ ಬಂದಿಲ್ರಿ, ಮನಿ ಇನ್ನೂ ಖಾಲಿ ಐತಿ, ನಾ ದಿನಾ ಅದರ ಮುಂದ ಸೈಕಲ್ ಮ್ಯಾಲೆ ಹೋಗ್ತೀನಿ.

ಕೊನೀಗೆ ಕುಳಾಯಿ ಹತ್ರ ಒಬ್ರು ಅಜ್ಜಿ ಕೊಟ್ರು. ಹಳೇ ಹಂಚಿನ ಮನಿ, ಅರ್ಧದಾಗ ಅವ್ರು ಅರ್ಧದಾಗ ನಾವು. ಅವರ ಮಕ್ಕಳು ಹೊರಗ ಅದಾರ. ಬಾಡಗಿ ಕಮ್ಮಿ ತಗೋತಾರ, ಹಂಚು ಸರಿ ಮಾಡೂದು, ತೆಂಗಿನಕಾಯಿ ಹೆಕ್ಕೂದು, ರಾತ್ರಿ ಏನಾರ ಆದ್ರ ಆಟೋ ಕರಿಯೂದು ನಮ್ಮ ಪಾಲು.

ಪರ್ಕಳದಿಂದ:

@ಮಲಪ್ರಭಾ ನೀವು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಎಣಿಸುವ ವಿಷಯಕ್ಕೆ ಹೇಳುವುದಾದರೆ 2011 ಆದ ಮೇಲೆ ಎಣಿಕೆಯೇ ಆಗಲಿಲ್ಲ, 2021ರದ್ದು ಕೊರೋನಾದಿಂದ ಮುಂದೆ ಹೋಯಿತು. 2027ರ ಗಣತಿಗೆ ಮೊದಲು ಮನೆಪಟ್ಟಿ ಮಾಡ್ತಾರಲ್ಲ, ಅದರಲ್ಲಿ ಖಾಲಿ ಮನೆಯನ್ನೂ ಬರೆದುಕೊಳ್ತಾರೆ. ನಾನು ಸರ್ವಿಸಿನಲ್ಲಿ ಇದ್ದಾಗ ಗಣತಿ ಡ್ಯೂಟಿ ಮಾಡಿದವ, ಬೀಗ ಹಾಕಿದ ಮನೆಯ ಎದುರು ನಿಂತು ಪಕ್ಕದ ಮನೆಯವರನ್ನು ಕೇಳಿ ಕೇಳಿ ಸಾಕಾಗಿತ್ತು. ಈಗ ಪಕ್ಕದ ಮನೆಗೂ ಬೀಗ ಇರ್ತದೆ.

ಆ ಅಜ್ಜಿಯ ವ್ಯವಸ್ಥೆ ನನಗೆ ಭಾರೀ ಇಷ್ಟ ಆಯ್ತು. ಆದರೂ ಒಂದು ಚೀಟಿ ಬರೆದಿಟ್ಟುಕೊಳ್ಳಿ ಮಾರಾಯ್ರೆ, ಅಗ್ರಿಮೆಂಟ್ ಅಂತ. ಅಜ್ಜಿಯ ನಂತರ ಬರುವ ಮಕ್ಕಳು ಅಜ್ಜಿಯ ಹಾಗೆ ಇರಬೇಕು ಅಂತ ಇಲ್ಲ.

ದಸ್ತಾವೇಜು:

ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲಿಲ್ಲ, ಎಲ್ಲ ಸಮಾಜಶಾಸ್ತ್ರಕ್ಕೆ ಹೋದ್ರಿ. ನನ್ನ ಕೆಲಸವೇ ಸಬ್ ರಿಜಿಸ್ಟ್ರಾರ್ ಆಫೀಸಿನ ಸುತ್ತ, ಹಾಗಾಗಿ ನಾನು ಹೇಳ್ತೇನೆ.

ಸ್ಕೀಮ್ ಉಂಟು. ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0, ಅದರಲ್ಲಿ ಬಡ್ಡಿ ಸಬ್ಸಿಡಿ ಅಂತ ಒಂದು ಭಾಗ. ಕುಟುಂಬದ ವರ್ಷದ ಆದಾಯ 9 ಲಕ್ಷದ ಒಳಗೆ ಇರ್ಬೇಕು, ನಿಮ್ಮದು ಹೆಚ್ಚುಕಮ್ಮಿ 7 ಆಗ್ತದೆ, ಆಯ್ತು. ಮನೆ ಬೆಲೆ 35 ಲಕ್ಷದ ಒಳಗೆ, ಲೋನ್ 25 ಲಕ್ಷದ ಒಳಗೆ. ಅದರಲ್ಲಿ ಮೊದಲ 8 ಲಕ್ಷದ ಮೇಲೆ 4 ಪರ್ಸೆಂಟ್ ಬಡ್ಡಿ ಸಬ್ಸಿಡಿ, 12 ವರ್ಷದ ಲೆಕ್ಕಕ್ಕೆ. ಒಟ್ಟು ಜಾಸ್ತಿ ಅಂದ್ರೆ 1.80 ಲಕ್ಷ ಸಿಗ್ತದೆ, ಅದೂ ಐದು ವರ್ಷದ ಕಂತಲ್ಲಿ ಲೋನ್ ಅಕೌಂಟಿಗೇ ಬರ್ತದೆ, ನಿಮ್ಮ ಕೈಗೆ ಅಲ್ಲ. ನಿಮ್ಮ, ಹೆಂಡತಿಯ ಅಥವಾ ಮಗಳ ಹೆಸರಲ್ಲಿ ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರ್ಬಾರ್ದು. ಊರಿನ ಮನೆ ನಿಮ್ಮ ಅಪ್ಪನ ಹೆಸರಲ್ಲಿ ಇದ್ರೆ ಅದು ಬೇರೆ ಕುಟುಂಬ ಲೆಕ್ಕ, ಆದ್ರೆ ಪಾಲಾಗಿ ನಿಮ್ಮ ಹೆಸರಿಗೆ ಬಂದಿದ್ರೆ ಕಷ್ಟ. ಹೆಂಡತಿಯ ಹೆಸರಲ್ಲಿ ಅಥವಾ ಜಂಟಿಯಾಗಿ ಮಾಡಿ.

ತಮಾಷೆ ಎಂತ ಅಂದ್ರೆ ಮಂಗಳೂರು ಸಿಟಿ ಮಧ್ಯದಲ್ಲಿ 35 ಲಕ್ಷಕ್ಕೆ ಹೊಸ 2 ಬಿಎಚ್‌ಕೆ ತೋರ್ಸಿದವರಿಗೆ ನಾನೇ ಸನ್ಮಾನ ಮಾಡ್ತೇನೆ. ಡೆಲ್ಲಿಯಲ್ಲಿ ಕೂತು ಮಾಡಿದ ಲಿಮಿಟ್ಟು, ಎಲ್ಲ ಊರಿಗೂ ಒಂದೇ. ಹಾಗಾಗಿ ಎರಡು ದಾರಿ. ಒಂದು, ಹೊರಗೆ ಹೋಗುವುದು. ಉಳ್ಳಾಲ ನಗರಸಭೆ, ಬಂಟ್ವಾಳ ಪುರಸಭೆ, ಮುಲ್ಕಿ, ಬಜಪೆ ಪಟ್ಟಣ ಪಂಚಾಯತಿ ಇವೆಲ್ಲ ಕೂಡ ನಗರ ಅಂತಲೇ ಲೆಕ್ಕ, ಸ್ಕೀಮಿಗೆ ಬರ್ತದೆ. ಎರಡು, ಸಿಟಿ ಒಳಗೆ ಹಳೇ ಫ್ಲಾಟು, 15-20 ವರ್ಷದ್ದು, ಲಿಫ್ಟ್ ಇಲ್ಲದ ಮೂರು ಮಾಳಿಗೆಯದ್ದು. ಅದರಲ್ಲಿ ಇರುವ ವಯಸ್ಸಾದವರಿಗೆ ಮೆಟ್ಟಿಲು ಹತ್ಲಿಕ್ಕೆ ಆಗದೆ ಮಾರ್ತಾ ಇದ್ದಾರೆ, ಲಿಫ್ಟ್ ಇಲ್ಲ ಅಂತ ಬೇರೆಯವರು ತಗೊಳ್ಳುವುದಿಲ್ಲ, ಅದೇ ನಿಮಗೆ ಲಾಭ. ಕಾಲು ಗಟ್ಟಿ ಇರುವಾಗ ಮೂರನೇ ಮಾಳಿಗೆ ತಗೊಳ್ಳಿ.

ಖರ್ಚು ಲೆಕ್ಕಕ್ಕೆ ಸೇರ್ಸಿಕೊಳ್ಳಿ. ಹಳೇದು ತಗೊಂಡ್ರೆ ಸ್ಟಾಂಪ್ ಡ್ಯೂಟಿ 5 ಪರ್ಸೆಂಟ್, ಅದರ ಮೇಲೆ ಸೆಸ್ ಸರ್‌ಚಾರ್ಜ್, ಮತ್ತೆ ರಿಜಿಸ್ಟ್ರೇಶನ್ ಫೀಸು 2025ರ ಆಗಸ್ಟ್ 31ರಿಂದ 1 ಇದ್ದದ್ದು 2 ಆಯ್ತು. ಒಟ್ಟು 7.6 ಪರ್ಸೆಂಟ್ ಹಿಡೀರಿ, 35 ಲಕ್ಷಕ್ಕೆ 2.66 ಲಕ್ಷ. ಇದಕ್ಕೆ ಬ್ಯಾಂಕ್ ಲೋನ್ ಕೊಡುವುದಿಲ್ಲ, ಕೈಯಿಂದಲೇ ಹೋಗ್ಬೇಕು. ಸ್ಕೀಮಲ್ಲಿ ಬರುವ 1.80 ಲಕ್ಷಕ್ಕಿಂತ ಇದೇ ಹೆಚ್ಚಾಯ್ತು ನೋಡಿ, ಒಂದು ಸರ್ಕಾರ ಕೊಟ್ಟದ್ದನ್ನು ಇನ್ನೊಂದು ಸರ್ಕಾರ ಬಾಗಿಲಲ್ಲೇ ನಿಂತು ತಗೊಳ್ತದೆ. ಕಟ್ತಾ ಇರುವ ಹೊಸ ಫ್ಲಾಟಾದ್ರೆ ಜಿಎಸ್‌ಟಿ ಬೇರೆ, ಸಾಧಾರಣ 5 ಪರ್ಸೆಂಟ್, ಆದ್ರೆ ನಮ್ಮಂಥ ಊರಲ್ಲಿ ಕಾರ್ಪೆಟ್ ಏರಿಯಾ (ಮನೆಯ ಒಳಗಿನ ಬಳಸುವ ಜಾಗ) 90 ಚದರ ಮೀಟರ್, ಅಂದ್ರೆ ಸುಮಾರು 968 ಅಡಿಯ ಒಳಗೆ, ಬೆಲೆ 45 ಲಕ್ಷದ ಒಳಗೆ ಇದ್ರೆ 1 ಪರ್ಸೆಂಟ್ ಮಾತ್ರ. ಬಿಲ್ಡರ್ 5 ಹಾಕಿದ್ರೆ ಕೇಳಿ. ಕಂಪ್ಲೀಷನ್ ಆಗಿ ಓಸಿ (ವಾಸಕ್ಕೆ ಕೊಡುವ ಸರ್ಟಿಫಿಕೇಟ್) ಬಂದ ಮೇಲೆ ತಗೊಂಡ್ರೆ ಜಿಎಸ್‌ಟಿಯೇ ಇಲ್ಲ.

ಜುಬೈಲ್‌ನವರಂಥವರ ಹತ್ರ ತಗೊಳ್ಳುವಾಗ ಒಂದು ಎಚ್ಚರ. ಊರಲ್ಲೇ ಇರುವವರ ಹತ್ರ 50 ಲಕ್ಷದ ಒಳಗಿನದ್ದು ತಗೊಂಡ್ರೆ ಟಿಡಿಎಸ್ ಇಲ್ಲ. ಮಾರುವವರು ಎನ್‌ಆರ್‌ಐ ಆದ್ರೆ 50 ಲಕ್ಷದ ಲಿಮಿಟ್ ಇಲ್ಲ, ಎಷ್ಟೇ ಸಣ್ಣದಾದ್ರೂ ತಗೊಳ್ಳುವವರು ಟಿಡಿಎಸ್ ಹಿಡಿದು ಕಟ್ಬೇಕು, ರೇಟೂ ಹೆಚ್ಚು. ಹಿಡೀದಿದ್ರೆ ನೋಟಿಸ್ ಬರುವುದು ನಿಮಗೆ, ಅವರು ಆಗ ವಿಮಾನದಲ್ಲಿ ಇರ್ತಾರೆ.

ಕಲ್ಲುಮಣ್ಣು:

@ದಸ್ತಾವೇಜು ಸೂಪರ್. ಒಂದು ಸೇರಿಸ್ತೇನೆ. 5 ಸೆಂಟ್ಸ್ ಜಾಗ ತಗೊಂಡು ಮನೆ ಕಟ್ಟುವ ಅಂತ ಅನ್ನಿಸಿದ್ರೆ ಜಾಗ್ರತೆ. 5 ಸೆಂಟ್ಸ್ ಅಂದ್ರೆ 2,178 ಚದರ ಅಡಿ, ಕೇಳ್ಲಿಕ್ಕೆ ಚಂದ ಉಂಟು, ಆದ್ರೆ ಕನ್ವರ್ಷನ್ (ಕೃಷಿ ಜಾಗವನ್ನು ಮನೆ ಕಟ್ಟುವ ಜಾಗ ಮಾಡುವುದು) ಆಗಿದೆಯಾ, ಸಿಂಗಲ್ ಸೈಟ್ ಅಪ್ರೂವಲ್ ಉಂಟಾ, ಇ-ಖಾತಾ ಉಂಟಾ ಇಷ್ಟು ನೋಡದೆ ಟೋಕನ್ ಕೊಡ್ಬೇಡಿ. ಇ-ಖಾತಾ ಇಲ್ಲದೆ ಈಗ ರಿಜಿಸ್ಟ್ರೇಶನ್ನೇ ಆಗುವುದಿಲ್ಲ. ದೊಡ್ಡ ತೋಟವನ್ನು ಐದೈದು ಸೆಂಟ್ಸ್ ತುಂಡು ಮಾಡಿ ಹತ್ತಡಿ ರೋಡು ಬಿಟ್ಟು ಮಾರುವವರು ಇದ್ದಾರೆ, ಆಮೇಲೆ ಪ್ಲಾನ್ ಪಾಸ್ ಆಗ್ಲಿಕ್ಕೆ ರೋಡ್ ಅಗಲ ಸಾಲುವುದಿಲ್ಲ.

ಜುಬೈಲ್‌ವಾಸಿ:

ವಿಮಾನದಲ್ಲಿ ಇರ್ತಾರೆ ಅಂದದ್ದು ಸರಿಯಾಯ್ತು 😂 ಆದ್ರೆ ಕಾವೂರಿನವರು ಹೇಳಿದ ಬ್ಲಡ್ ತೆಗೆಯುವ ಮಾತು ಸ್ವಲ್ಪ ನಾಟಿತು. ಅಮ್ಮ ಅಣ್ಣನ ಮನೆಯಲ್ಲಿ ಇರುವುದು, ಸ್ಯಾಂಪಲ್ ತೆಗೀಲಿಕ್ಕೆ ಬರುವ ಹುಡುಗಿ ಫರಂಗಿಪೇಟೆಯಿಂದ ಬರ್ತಾಳಂತೆ. 11 ತಿಂಗಳ ಅಗ್ರಿಮೆಂಟ್ ಗಟ್ಟಿ ಮಾಡಿಕೊಡುವ ವಕೀಲರು ಯಾರಾದ್ರೂ ಇದ್ರೆ ಮೆಸೇಜ್ ಮಾಡಿ. ಕೊಡ್ತೇನೆ ಅಂತ ಈಗ ಹೇಳುವುದಿಲ್ಲ, ಹೆಂಡ್ತಿ ಹತ್ರ ಕೇಳ್ಬೇಕು.

ಕಾವೂರುಬಾಡಿಗೆ:

ಎಲ್ಲರಿಗೂ ಥ್ಯಾಂಕ್ಸ್. ಲಿಫ್ಟ್ ಇಲ್ಲದ ಹಳೇ ಫ್ಲಾಟ್ ಐಡಿಯಾ ಹೆಂಡ್ತಿಗೂ ಸರಿ ಕಂಡಿದೆ. ಲೋನ್ 25ಕ್ಕೆ ನಿಲ್ಸಿದ್ರೆ ಕಂತು 21,700 ಬರ್ತದೆ, ಕಷ್ಟಪಟ್ರೆ ಆಗ್ತದೆ, ಉಳಿದದ್ದಕ್ಕೆ ಅವಳ ಚಿನ್ನ ಮತ್ತೆ ಮಾವನ ಕೈಸಾಲ. ಬಿ.ಸಿ.ರೋಡ್ ಕಡೆ ಅವಳು ಒಪ್ಪುವುದಿಲ್ಲ, ನೈಟ್ ಡ್ಯೂಟಿ ಮುಗ್ಸಿ ಬರುವಾಗ ಬಸ್ ಇಲ್ಲ ಅಂತ. ಪಂಪ್‌ವೆಲ್‌ನಿಂದ ಆಚೆ ಹೋಗುವುದೇ ಬೇಡ ಅಂತಾಳೆ, ಆ ಫ್ಲೈಓವರ್ ಆಗುವವರೆಗೆ ಕಾದ ಸಿಟ್ಟು ಅವಳಿಗೆ ಇನ್ನೂ ಹೋಗ್ಲಿಲ್ಲ. ಭಾನುವಾರ ಕುಳಾಯಿ ಮತ್ತೆ ಕೊಟ್ಟಾರದಲ್ಲಿ ಒಂದೊಂದು ನೋಡ್ಲಿಕ್ಕೆ ಉಂಟು, ಎರಡೂ ಹಳೇದು, ಎರಡೂ ಮೂರನೇ ಮಾಳಿಗೆ. ಹೋದಾಗ ಎಂತ ಎಲ್ಲ ಕೇಳ್ಬೇಕು?

ದಸ್ತಾವೇಜು:

ಮೂಲ ಪತ್ರದಿಂದ ಹಿಡಿದು ಎಲ್ಲ ಕ್ರಯಪತ್ರದ ಕಾಪಿ, 30 ವರ್ಷದ ಇಸಿ (ಋಣಭಾರ ಪತ್ರ), ಇ-ಖಾತಾ, ಟ್ಯಾಕ್ಸ್ ರಶೀದಿ, ಜಾಗದಲ್ಲಿ ನಿಮ್ಮ ಪಾಲು ಎಷ್ಟು ಅಂತ ಪತ್ರದಲ್ಲಿ ಬರೆದಿದೆಯಾ ಅದು. ಹಳೇ ಬಿಲ್ಡಿಂಗ್ ನಾಳೆ ಕೆಡವಿದ್ರೆ ನಿಮಗೆ ಉಳಿಯುವುದು ಆ ಪಾಲೇ. ಮಾರುವವರು ಪವರ್ ಆಫ್ ಅಟಾರ್ನಿ ತೋರ್ಸಿದ್ರೆ ಕೊಟ್ಟವರು ಬದುಕಿದ್ದಾರಾ ಅಂತ ಫೋನ್ ಮಾಡಿ ಮಾತಾಡಿ, ನಾಚಿಕೆ ಬೇಡ.

ಕಲ್ಲುಮಣ್ಣು:

ಮೂರನೇ ಮಾಳಿಗೆ ಅಂದ್ರೆ ಮೇಲೆ ಟೆರೇಸಲ್ವಾ, ಬೆಡ್‌ರೂಮ್ ಸೀಲಿಂಗ್ ಮೂಲೆ ನೋಡಿ, ಹೊಸದಾಗಿ ಪೇಂಟ್ ಮಾಡಿದ್ರೆ ಇನ್ನೂ ಸರಿಯಾಗಿ ನೋಡಿ. ಟೆರೇಸಿಗೆ ಶೀಟ್ ಹಾಕಿದ್ರೆ ಒಳ್ಳೇದು. ಬೇಸಿಗೆಯಲ್ಲಿ ತುಂಬೆ ಡ್ಯಾಮಲ್ಲಿ ನೀರು ಇಳಿದಾಗ ಟ್ಯಾಂಕರ್ ಎಷ್ಟು ತರ್ಸಿದ್ರು, ಒಂದೊಂದು ಮನೆಗೆ ಎಷ್ಟು ಬಿತ್ತು ಅಂತ ಕೇಳಿ. ಅದನ್ನು ಸೆಕ್ರೆಟರಿ ಹತ್ರ ಕೇಳ್ಬೇಡಿ, ವಾಚ್‌ಮನ್ ಹತ್ರ ಕೇಳಿ.